ಹಿಡ್ಕಂಡಿದೀನಿ, ಬನ್ನಿ

ನಾಯಿ ಇರುವ ಮನೆಗೆ ಹೋದವರಿಗೆಲ್ಲ ಒಂದು ಮಾತು ಗೊತ್ತಿರುತ್ತದೆ. ನೀವು ಗೇಟಿನ ಹೊರಗೆ, ಒಂದು ಕಾಲು ಹಿಂದಿಟ್ಟುಕೊಂಡು ನಿಂತಿರುತ್ತೀರಿ. ಒಳಗೆ ಅದು ಕಂಬಿಗೆ ಎರಡೂ ಮುಂಗಾಲು ಕೊಟ್ಟು, ನಿಮ್ಮ ಎದೆ ಮಟ್ಟಕ್ಕೆ ಎದ್ದು ಬೊಗಳುತ್ತಿರುತ್ತದೆ. ಮನೆಯವರು ಒಳಗಿನಿಂದಲೇ ಕೂಗುತ್ತಾರೆ: ‘ಏನೂ ಮಾಡಲ್ಲ, ಬನ್ನಿ ಬನ್ನಿ.’ ಈ ಮಾತನ್ನು ನಾನೂ ಆರು ವರ್ಷ ಹೇಳಿದ್ದೇನೆ. ಗ್ಯಾಸ್ ತಂದವರಿಗೆ, ಕೊರಿಯರ್ ಹುಡುಗರಿಗೆ, ಮೀಟರ್ ನೋಡಲು ಬಂದವರಿಗೆ, ಒಮ್ಮೆ ಅರಿಶಿನ ಕುಂಕುಮಕ್ಕೆ ಬಂದ ಹಿಂದಿನ ರಸ್ತೆಯ ಹೆಂಗಸರಿಗೆ. ಅವರಲ್ಲೊಬ್ಬರು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು, ಗೋಡೆಗೆ ಮೈ ಒತ್ತಿಕೊಂಡೇ ಬಾಗಿಲವರೆಗೆ ಬಂದರು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. ಅದು ಈಗ ನೆನಪಾಗುತ್ತದೆ.

ಮಾತು ಪೂರ್ತಿ ಸುಳ್ಳೇನಲ್ಲ. ಗುಂಡ ನಮಗೆ ಯಾವತ್ತೂ ಏನೂ ಮಾಡಿದವನಲ್ಲ. ಮೋರಿಯ ಪಕ್ಕ ಮಳೆಯಲ್ಲಿ ನಡುಗುತ್ತಿದ್ದ ಮರಿಯನ್ನು ಮಗಳು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದಳು. ಕಂದು ಮೈ, ಬಿಳಿ ಪಾದ. ಒಂದು ಕಿವಿ ನೆಟ್ಟಗೆ ನಿಂತರೆ ಇನ್ನೊಂದು ಮಡಚಿಕೊಂಡಿರುತ್ತದೆ. ಬಾಲ ಎಳೆದರೂ ಸುಮ್ಮನಿರುತ್ತಾನೆ, ಅನ್ನದ ತಟ್ಟೆಗೆ ಕೈ ಹಾಕಿದರೂ ಗುರ್ ಅನ್ನುವುದಿಲ್ಲ. ಗುಡುಗಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾನೆ. ಇಂಥವನು ಯಾರಿಗೆ ಏನು ಮಾಡಿಯಾನು?

ಆದರೆ ಅದು ನಮ್ಮ ಅನುಭವ ಅಲ್ವಾ? ಹೊರಗೆ ನಿಂತವರ ಹತ್ತಿರ ಅದಿಲ್ಲ. ಅವರಿಗೆ ಕಾಣುವುದು ಹಲ್ಲು. ನಮ್ಮ ಆರು ವರ್ಷದ ಸಲಿಗೆಯನ್ನು ಅವರು ಆರು ಸೆಕೆಂಡಿನಲ್ಲಿ ನಂಬಿ ಒಳಗೆ ಬರಬೇಕು ಅಂತ ನಾವು ಬಯಸುತ್ತೇವೆ. ನಂಬದಿದ್ದರೆ ಅವರೇ ಪುಕ್ಕಲರು.

ಕಸದ ಗಾಡಿಯ ಹಾಡು

2025ರ ಫೆಬ್ರವರಿ, ಒಂದು ಬುಧವಾರ. ಬೆಳಿಗ್ಗೆ ಏಳೂಕಾಲು. ಉಪ್ಪಿಟ್ಟಿಗೆ ಈರುಳ್ಳಿ ಬಾಡಿಸುತ್ತಿದ್ದೆ. ತಿರುವಿನಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ನಮ್ಮ ಬೀದಿಯ ಹೆಂಗಸರು ಈ ಹಾಡಿಗೆ ಓಡಿದಷ್ಟು ಯಾವ ಮಂಗಳಾರತಿಯ ಗಂಟೆಗೂ ಓಡುವುದಿಲ್ಲ. ಒಲೆ ಆರಿಸಿ, ಒಂದು ಕೈಯಲ್ಲಿ ಹಸಿ ಕಸದ ಬಕೆಟ್, ಇನ್ನೊಂದರಲ್ಲಿ ಒಣ ಕಸದ ಚೀಲ ಹಿಡಿದು, ಗೇಟನ್ನು ಮೊಣಕೈಯಿಂದ ತಳ್ಳಿ ಹೊರಗೆ ಬಿದ್ದೆ. ಮುಚ್ಚಲು ಕೈ ಖಾಲಿ ಇರಲಿಲ್ಲ. ಎರಡು ನಿಮಿಷದ ಕೆಲಸ ತಾನೇ.

ನಮ್ಮ ಗೇಟಿನ ಕಥೆಯನ್ನೂ ಹೇಳಬೇಕು. ಹಿಂದಿನ ಮಳೆಗಾಲದಲ್ಲಿ ಕಂಬ ಒಂದಿಷ್ಟು ವಾಲಿ, ಚಿಲಕದ ಸರಳು ತೂತಿಗೆ ಕೂರುತ್ತಿರಲಿಲ್ಲ. ಗೇಟನ್ನು ಒಂದು ಇಂಚು ಮೇಲೆತ್ತಿ ಹಾಕಬೇಕಿತ್ತು. ಎತ್ತಿ ಹಾಕಬೇಕು ಅನ್ನುವುದು ಮನೆಯವರಿಗೆಲ್ಲ ಗೊತ್ತಿತ್ತು. ಎತ್ತಿ ಹಾಕದಿದ್ದ ದಿನ ಮೂತಿಯಿಂದ ನೂಕಿದರೆ ಸಾಕು ಅನ್ನುವುದು ಗುಂಡನಿಗೆ ಗೊತ್ತಿತ್ತು. ವೆಲ್ಡಿಂಗಿನವರನ್ನು ಕರೆಸಬೇಕು ಅಂತ ದಸರಾದಿಂದ ಹೇಳಿಕೊಳ್ಳುತ್ತಿದ್ದೆವು.

ಹುಡುಗ ಸೈಕಲ್ಲಿನಲ್ಲಿ ಟ್ಯೂಷನ್ನಿಗೆ ಹೋಗುತ್ತಿದ್ದ. ಹನ್ನೊಂದೋ ಹನ್ನೆರಡೋ ವಯಸ್ಸು. ಓಡುವ ಚಕ್ರ ಕಂಡರೆ ಅಟ್ಟಿಸಿಕೊಂಡು ಹೋಗುವುದು ನಾಯಿಯ ಹುಟ್ಟುಗುಣ. ಅದರಲ್ಲಿ ಸಿಟ್ಟೇನೂ ಇರಬೇಕಾಗಿಲ್ಲ. ಹುಡುಗ ಹೆದರಿ ಪೆಡಲ್ ಜೋರಾಗಿ ತುಳಿದ. ಅವನು ಜೋರಾದಷ್ಟೂ ಇವನಿಗೆ ಹುರುಪು. ನಾನು ಬಕೆಟ್ ಬಿಸಾಕಿ ‘ಗುಂಡಾ’ ಅಂತ ಕಿರುಚುವ ಹೊತ್ತಿಗೆ ಸೈಕಲ್ ಮಗುಚಿತ್ತು. ಮೀನಖಂಡದಲ್ಲಿ ನಾಲ್ಕು ಗಾಯ. ಎರಡು ಆಳ, ಎರಡು ತರಚು. ರಕ್ತ ಸಾಕ್ಸಿನೊಳಗೆ ಇಳಿಯುತ್ತಿತ್ತು. ಗುಂಡ ಆಗಲೇ ಬಾಲ ಅಲ್ಲಾಡಿಸಿಕೊಂಡು ನನ್ನ ಕಾಲ ಹತ್ತಿರ ಬಂದು ನಿಂತಿದ್ದ, ಚೆಂಡು ತಂದುಕೊಟ್ಟವನ ಹಾಗೆ.

ಹುಡುಗನನ್ನು ನಲ್ಲಿಯ ಹತ್ತಿರ ಕೂರಿಸಿ, ಬಟ್ಟೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಗಾಯ ತೊಳೆದೆ. ಹದಿನೈದು ನಿಮಿಷ ತೊಳೆಯಬೇಕು. ರೇಬಿಸ್ ವೈರಸ್ಸಿನ ಮೇಲೆ ಕೊಬ್ಬಿನ ಹೊದಿಕೆ ಇರುತ್ತದೆ, ಸೋಪು ಅದನ್ನು ಒಡೆಯುತ್ತದೆ. ಪಕ್ಕದ ಮನೆಯಜ್ಜಿ ಪಾಪ ಅರಿಶಿನದ ಡಬ್ಬಿ ತಂದೇಬಿಟ್ಟಿದ್ದರು. ಬೇಡ ಅಂದೆ. ಅರಿಶಿನ, ಸುಣ್ಣ, ಕಾಫಿಪುಡಿ, ಏನನ್ನೂ ಮೆತ್ತಬಾರದು. ಹದಿನೈದು ನಿಮಿಷ ಅನ್ನುವುದು ಬರೆಯಲು ಸುಲಭ. ಒಬ್ಬ ಮಗುವಿನ ಕಾಲನ್ನು ಹಿಡಿದುಕೊಂಡು, ಅವನ ಮುಖ ನೋಡದೆ, ಅಷ್ಟು ಹೊತ್ತು ನೀರು ಹಾಕುವುದು ತುಂಬಾ ಉದ್ದ. ಅವನು ಅಳಲಿಲ್ಲ. ನಡುವೆ ಒಂದೇ ಸಲ ಬಾಯಿಬಿಟ್ಟ.

‘ಗೇಟ್ ಯಾಕೆ ಹಾಕಿರ್ಲಿಲ್ಲ ಆಂಟಿ?’

ಬೈದಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು. ಕಸದ ಗಾಡಿ ಬಂದಿತ್ತು ಕಣೋ ಅಂತ ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅವನ ಅಮ್ಮ ಬಂದರು. ಅವರೂ ಕೂಗಾಡಲಿಲ್ಲ. ‘ನಾಯಿಗೆ ಇಂಜೆಕ್ಷನ್ ಆಗಿದೆಯಾ?’ ಅಂದರು. ‘ಆಗಿದೆ’ ಅಂದೆ. ಅಂದ ಮೇಲೆ ನೆನಪಾಯಿತು. ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿರುವ ಅವನ ಕಾರ್ಡಿನಲ್ಲಿ ಮುಂದಿನ ತಾರೀಖು ಡಿಸೆಂಬರ್ ಅಂತ ಇತ್ತು. ಡಿಸೆಂಬರಿನಲ್ಲಿ ನಾದಿನಿಯ ಮದುವೆ, ಜನವರಿಯಲ್ಲಿ ನೆಗಡಿ ಜ್ವರ, ಮುಂದಿನ ವಾರ ಮುಂದಿನ ವಾರ ಅಂತ ಎರಡು ತಿಂಗಳು ದಾಟಿತ್ತು. ಆಟೋದಲ್ಲಿ ಹೋಗುವಾಗ ಅದನ್ನು ಹೇಳಿದೆ. ‘ಇಲ್ಲ ಕಣ್ರೀ, ವರ್ಷದ್ದು ಹಾಕಿಸೋದು ಬಾಕಿ ಇದೆ.’ ಅವರು ಮಗನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತರು. ಆಸ್ಪತ್ರೆ ಬರುವವರೆಗೂ ಮಾತಾಡಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಎತ್ತದೆ ಕೇಳಿದರು. ‘ಬೀದೀದೋ ಸಾಕಿದ್ದೋ?’ ‘ಸಾಕಿದ್ದು.’ ‘ಯಾರ್ದು?’ ಆಗ ಅವನ ಅಮ್ಮ ನನ್ನ ಕಡೆ ನೋಡಿದರು. ‘ನಮ್ದು’ ಅಂದೆ. ಅಲ್ಲಿಯವರೆಗೆ ‘ನಮ್ಮ ಗುಂಡ’ ಅಂತ ಸಾವಿರ ಸಲ ಹೇಳಿದ್ದೆ. ಆ ‘ನಮ್ದು’ ಬೇರೆ ಥರ ಇತ್ತು.

ರಕ್ತ ಬಂದ ಗಾಯವಾದ್ದರಿಂದ ಮೊದಲ ದಿನ ಗಾಯದ ಸುತ್ತ, ಗಾಯದ ಒಳಕ್ಕೇ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ಸನ್ನು ಅಲ್ಲೇ ತಡೆಯುವ ಔಷಧ, ಚುಚ್ಚಿದರು. ಕಚ್ಚಿದ ಜಾಗಕ್ಕೇ ಸೂಜಿ. ಆಗ ಅತ್ತ, ಪೂರ್ತಿ ಗಂಟಲು ಬಿಟ್ಟು. ಆಮೇಲೆ ಎರಡೂ ತೋಳಿಗೆ ಲಸಿಕೆ. ಮತ್ತೆ ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಬನ್ನಿ ಅಂತ ಚೀಟಿಯಲ್ಲಿ ಬರೆದುಕೊಟ್ಟರು. ನಾಯಿಗೆ ಲಸಿಕೆ ಆಗಿದ್ದರೂ ಮಗುವಿಗೆ ಹಾಕಿಸುತ್ತಿದ್ದೆವು ಅಂತ ಡಾಕ್ಟರು ಹೇಳಿದ್ದರಿಂದ ನನಗೇನೂ ಸಮಾಧಾನ ಆಗಲಿಲ್ಲ. ಹೊರಡುವಾಗ ಇನ್ನೊಂದು ಮಾತು ಹೇಳಿದರು. ‘ನಾಯೀನ ಹತ್ತು ದಿನ ಕಟ್ಟಿಹಾಕಿ ನೋಡ್ತಾ ಇರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ತಕ್ಷಣ ಹೇಳಿ.’

ನೀರು ಕುಡಿಯಿತಾ?

ಕಚ್ಚಿದ ಹೊತ್ತಿಗೆ ನಾಯಿಯ ಜೊಲ್ಲಿನಲ್ಲಿ ವೈರಸ್ ಇದ್ದಿದ್ದರೆ, ಹತ್ತು ದಿನದೊಳಗೆ ನಾಯಿಗೇ ಕಾಯಿಲೆ ಎದ್ದು ಕಾಣುತ್ತದೆ, ಸಾಯುತ್ತದೆ. ಹತ್ತು ದಿನ ಆರಾಮಾಗಿದ್ದರೆ ಕಚ್ಚಿದಾಗ ಇರಲಿಲ್ಲ ಅಂತ ಲೆಕ್ಕ. ರೇಬಿಸ್ ಒಮ್ಮೆ ಮನುಷ್ಯನಲ್ಲಿ ಕಾಣಿಸಿಕೊಂಡಿತು ಅಂದರೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಹಾಗಾಗಿ ಆ ಹತ್ತು ದಿನ ಗುಂಡನ ಮೈ ನಮ್ಮ ಬೀದಿಯ ಒಂದು ಮನೆಗೆ ಪಂಚಾಂಗದ ಹಾಗೆ ಆಯಿತು.

ಮೊದಲ ದಿನ ಸಂಜೆ ಐದೂವರೆಗೆ ಹುಡುಗ ಬಂದ. ಎದುರಿನ ಲೈಟ್ ಕಂಬದ ಹತ್ತಿರ, ರಸ್ತೆಯ ಆಚೆಗೇ ನಿಂತ. ‘ಆಂಟಿ, ನಾಯಿ ಚೆನ್ನಾಗಿದೆಯಾ?’

ನನಗೆ ಕಣ್ಣಲ್ಲಿ ನೀರು ಬಂತು. ಕಚ್ಚಿಸಿಕೊಂಡವನೇ ಬಂದು ನಾಯಿಯ ಆರೋಗ್ಯ ವಿಚಾರಿಸುತ್ತಿದ್ದಾನಲ್ಲ, ಎಂಥ ಮಗು ಅಂದುಕೊಂಡೆ. ‘ಚೆನ್ನಾಗಿದಾನೆ ಪುಟ್ಟ, ಅವನೂ ಪಶ್ಚಾತ್ತಾಪ ಪಡ್ತಾ ಇದಾನೆ’ ಅಂತ ಏನೋ ಅಂದೆ. ಹುಡುಗ ತಲೆಯಾಡಿಸಿ ಕುಂಟಿಕೊಂಡು ಹೋದ. ಎರಡನೇ ದಿನವೂ ಬಂದ. ಮೂರನೇ ದಿನ ಇಂಜೆಕ್ಷನ್ ಮುಗಿಸಿಕೊಂಡು ಬರುವಾಗ ಅಮ್ಮನ ಕೈ ಹಿಡಿದುಕೊಂಡೇ ನಿಂತು ಕೇಳಿದ. ನಾಲ್ಕನೇ ದಿನ ಪ್ರಶ್ನೆ ಬದಲಾಯಿತು.

‘ನೀರು ಕುಡೀತಾ?’

ಆಗ ಅರ್ಥ ಆಯಿತು. ಅವನು ಗುಂಡನನ್ನು ವಿಚಾರಿಸಲು ಬರುತ್ತಿರಲಿಲ್ಲ. ತನ್ನನ್ನು ವಿಚಾರಿಸಿಕೊಳ್ಳಲು ಬರುತ್ತಿದ್ದ. ಯಾರೋ ಅವನಿಗೆ ಹೇಳಿದ್ದಾರೆ, ಹುಚ್ಚು ಹಿಡಿದರೆ ನೀರು ಕಂಡರೆ ಹೆದರುತ್ತಾರೆ ಅಂತ. ನಾನು ಒಳಗೆ ಹೋಗಿ ಸ್ಟೀಲ್ ಬೋಗುಣಿಯಲ್ಲಿ ನೀರು ತುಂಬಿದೆ. ಗುಂಡನ ಪಟ್ಟಿಗೆ ಚೈನು ಹಾಕಿ, ಇನ್ನೊಂದು ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಗೇಟಿನ ಹತ್ತಿರ ಕರೆತಂದೆ. ಗೇಟು ಮುಚ್ಚಿತ್ತು, ಎತ್ತಿ ಹಾಕಿದ್ದೆ. ಬೋಗುಣಿ ಕೆಳಗಿಟ್ಟೆ. ಗುಂಡ ಒಮ್ಮೆ ಮೂಸಿ, ನನ್ನನ್ನು ನೋಡಿ, ಬೇಡ ಅನ್ನುವ ಹಾಗೆ ಮುಖ ತಿರುಗಿಸಿದ. ಆ ಐದು ಸೆಕೆಂಡು ಹುಡುಗನ ಮುಖ ನೋಡಲಾಗಲಿಲ್ಲ. ನಾನು ಬೋಗುಣಿಗೆ ಬೆರಳದ್ದಿ ಗುಂಡನ ಮೂತಿಗೆ ಹಚ್ಚಿದೆ. ಆಮೇಲೆ ಚಪಚಪ ಅಂತ ಕುಡಿಯಲು ಶುರುಮಾಡಿದ. ಅಷ್ಟನ್ನೂ ಕುಡಿದ. ಹುಡುಗ ಕೊನೆಯವರೆಗೆ ನಿಂತು ನೋಡಿ ಹೋದ.

ಐದನೇ ದಿನದಿಂದ ನಾನೇ ಐದೂವರೆಗೆ ಬೋಗುಣಿ ಇಟ್ಟುಕೊಂಡು ಕಾಯತೊಡಗಿದೆ. ಅದಕ್ಕಾಗಿ ಮಧ್ಯಾಹ್ನದಿಂದ ಗುಂಡನಿಗೆ ನೀರು ಕಡಿಮೆ ಕೊಡುತ್ತಿದ್ದೆ ಅಂತ ಹೇಳಿದರೆ ಪ್ರಾಣಿಪ್ರಿಯರು ಬೈಯಬಹುದು. ಬೈಯಲಿ. ರಾತ್ರಿ ಎರಡು ಗಂಟೆಗೆ ಎದ್ದು ಟಾರ್ಚ್ ಹಾಕಿ ಅವನ ಬಾಯಿ ನೋಡುತ್ತಿದ್ದೆ, ಜೊಲ್ಲು ಸುರಿಯುತ್ತಿದೆಯಾ ಅಂತ. ಒಂದು ರಾತ್ರಿ ಕೆಮ್ಮಿದ. ನಮ್ಮನೆಯವರೂ ನಾನೂ ಬೆಳಗಿನವರೆಗೆ ಮಲಗಲಿಲ್ಲ. ಬೆಳಿಗ್ಗೆ ನೋಡಿದರೆ ಮಗಳ ಕ್ರೇಯಾನ್ ತಿಂದಿದ್ದ.

ಹತ್ತನೇ ದಿನ ಹುಡುಗ ಬಂದು, ನೋಡಿ, ‘ಥ್ಯಾಂಕ್ಸ್ ಆಂಟಿ’ ಅಂದ. ಹನ್ನೊಂದನೇ ದಿನ ಬರಲಿಲ್ಲ. ನಾನು ಐದೂವರೆಗೆ ಗೇಟಿನ ಹತ್ತಿರ ನಿಂತಿದ್ದೆ.

ಉಣಗೋಲಿನ ಆಚೆಯಿಂದ

ಆ ದಿನಗಳಲ್ಲಿ ಊರಿನ ಮನೆ ಜಾಸ್ತಿ ನೆನಪಾಗುತ್ತಿತ್ತು. ತೀರ್ಥಹಳ್ಳಿ ಕಡೆ, ಅಡಿಕೆ ತೋಟದ ತಲೆಯಲ್ಲಿ ಒಂಟಿ ಮನೆ. ಅಂಗಳಕ್ಕೆ ಗೇಟು ಇರಲಿಲ್ಲ, ಉಣಗೋಲು ಇತ್ತು. ಎರಡು ಕಂಬದ ತೂತಿಗೆ ಅಡ್ಡ ಸಿಕ್ಕಿಸಿದ ಗಳುಗಳು. ದನ ಒಳಗೆ ಬರದ ಹಾಗೆ ಅಷ್ಟೇ. ನಾಯಿಗೆ ಅದು ಲೆಕ್ಕವೇ ಅಲ್ಲ. ಹಾಗಾಗಿ ನಮ್ಮ ಕಾಳನಿಗೆ ಅಪ್ಪಯ್ಯ ಬೇರೆಯೇ ಏರ್ಪಾಡು ಮಾಡಿದ್ದರು. ಹಲಸಿನ ಮರದಿಂದ ಕೊಟ್ಟಿಗೆಯ ಕಂಬದವರೆಗೆ ಒಂದು ತಂತಿ ಬಿಗಿದು, ತಂತಿಗೆ ಕಬ್ಬಿಣದ ಬಳೆ ಹಾಕಿ, ಬಳೆಗೆ ಸರಪಳಿ ಸಿಕ್ಕಿಸಿದ್ದರು. ಕಾಳ ಅಂಗಳದ ಉದ್ದಕ್ಕೂ ಓಡಾಡಬಹುದು, ದಾರಿಯವರೆಗೆ ಬರಲು ಆಗದು. ಅವನು ಓಡಿದಾಗ ಬಳೆ ತಂತಿಯ ಮೇಲೆ ಝರ್ರ್ ಅನ್ನುತ್ತಿತ್ತು. ಆ ಸದ್ದು ಕೇಳಿದರೆ ಯಾರೋ ಬಂದರು ಅಂತ.

ಬಂದವರು ಯಾರೂ ಉಣಗೋಲು ದಾಟುತ್ತಿರಲಿಲ್ಲ. ಪೋಸ್ಟಿನವರಾಗಲಿ, ಮದುವೆ ಕರೆಯಲು ಬಂದ ನೆಂಟರಾಗಲಿ, ಆಚೆಯೇ ನಿಂತು ಕೂಗುತ್ತಿದ್ದರು: ‘ಓ... ನಾಯಿ ಕಟ್ಟಿದೀರಾ?’ ನಮ್ಮ ಕಡೆಯ ಕಾಲಿಂಗ್ ಬೆಲ್ ಅದು. ಕಟ್ಟಿದ್ದರೂ ಅಮ್ಮ ಒಳಗಿನಿಂದ ‘ನಾಯಿ ಹಿಡ್ಕಳ್ರೋ’ ಅಂತ ನಮಗೆ ಕೂಗುತ್ತಿದ್ದಳು. ನಮ್ಮಲ್ಲಿ ಯಾರಾದರೂ ಓಡಿಹೋಗಿ ಕಾಳನ ಪಟ್ಟಿಗೆ ಕೈ ಹಾಕಿ, ಮೊಣಕಾಲೂರಿ ಕೂತು, ‘ಹಿಡ್ಕಂಡಿದೀನಿ, ಬನ್ನಿ’ ಅಂತ ಹೇಳಿದ ಮೇಲೇ ಅವರು ಗಳು ಸರಿಸುತ್ತಿದ್ದರು. ಹಿಡಿದುಕೊಂಡ ಕೈ ಅವರಿಗೆ ಕಾಣಬೇಕು. ಕಾಣದೆ ಬರುತ್ತಿರಲಿಲ್ಲ, ಬರಬೇಕು ಅಂತ ನಾವೂ ಅಂದುಕೊಳ್ಳುತ್ತಿರಲಿಲ್ಲ.

‘ಹಿಡ್ಕಂಡಿದೀನಿ’ ಅನ್ನುವಲ್ಲಿ ಕೆಲಸ ಮಾಡುವವಳು ನಾನು. ‘ಏನೂ ಮಾಡಲ್ಲ’ ಅನ್ನುವಲ್ಲಿ ಮಾಡುವುದೂ ಬಿಡುವುದೂ ನಾಯಿಯ ಮರ್ಜಿ, ನಾನು ಸುಮ್ನೆ ಅದರ ವಕೀಲಿ. ಊರು ಬಿಟ್ಟು ಮೈಸೂರಿಗೆ ಬರುವಾಗ ಒನಕೆ, ಒಳಕಲ್ಲು ಅಂತ ಏನೇನೋ ಬಿಟ್ಟು ಬಂದೆವು. ಈ ಮಾತು ಎಲ್ಲಿ ಬಿದ್ದುಹೋಯಿತೋ.

ಹಾಗಂತ ಊರಿನದ್ದೆಲ್ಲ ಚಿನ್ನ ಅಂತ ಹೇಳಲಾರೆ. ಎಷ್ಟೋ ಮನೆಗಳಲ್ಲಿ ನಾಯಿಗೆ ನಾಲ್ಕು ಅಡಿ ಸರಪಳಿ. ತೆಂಗಿನ ಮರದ ಸುತ್ತ ಅದು ತಿರುಗಿ ತಿರುಗಿ, ನೆಲದಲ್ಲಿ ಗಾಣದ ದಾರಿಯಂಥ ಗುಂಡಿ ಬಿದ್ದಿರುತ್ತಿತ್ತು. ವರ್ಷಗಟ್ಟಲೆ ಹಾಗೆ ಕಟ್ಟಿಸಿಕೊಂಡ ನಾಯಿ ಒಂದು ದಿನ ತಪ್ಪಿಸಿಕೊಂಡರೆ ಕಚ್ಚದೆ ಇನ್ನೇನು ಮಾಡೀತು? ರಾತ್ರಿ ಹಂದಿ ಓಡಿಸಲಿ ಅಂತ ಬಿಡುತ್ತಿದ್ದರು. ಚಿರತೆಗೆ ಅದು ಸುಲಭದ ಊಟ. ನಮ್ಮ ಕಾಳನೂ ಒಂದು ಆಷಾಢದ ರಾತ್ರಿ ಹಾಗೇ ಹೋದ. ಬೆಳಿಗ್ಗೆ ತೋಟದ ಅಗಳದ ಹತ್ತಿರ ಪಟ್ಟಿ ಸಿಕ್ಕಿತು. ಆಮೇಲೆ ಬಂದ ನಾಯಿಯನ್ನು ಅಜ್ಜಯ್ಯ ರಾತ್ರಿ ಜಗಲಿಯೊಳಗೆ ಹಾಕಿ ಬಾಗಿಲು ಮುಚ್ಚುವುದು ಕಲಿತರು.

ಕಾಳ ಇದ್ದಾಗ ಒಮ್ಮೆ, ಕೊಯ್ಲಿನ ಕಾಲದಲ್ಲಿ, ಸರಪಳಿಯ ಕೊಂಡಿ ಕಿತ್ತುಕೊಂಡು ಕೆಲಸಕ್ಕೆ ಬಂದ ಅಣ್ಣನ ತೊಡೆಗೆ ಬಾಯಿ ಹಾಕಿದ್ದ. ಆಗಿನದು ಕುರಿಯ ಮಿದುಳಿನಿಂದ ಮಾಡಿದ ಲಸಿಕೆ, ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದರಂತೆ. 2004ರ ಕೊನೆಯ ಹೊತ್ತಿಗೆ ನಮ್ಮ ದೇಶದಲ್ಲಿ ಅದನ್ನು ನಿಲ್ಲಿಸಿದರು. ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಹದಿನಾಲ್ಕು ದಿನವೂ ಆ ಅಣ್ಣ ಬೆಳಗಿನ ಬಸ್ಸಿಗೆ ತೀರ್ಥಹಳ್ಳಿಗೆ ಹೋಗಿ ಬರುತ್ತಿದ್ದರು. ಅಪ್ಪಯ್ಯ ಪ್ರತಿ ದಿನ ಬಸ್ ಚಾರ್ಜು, ಜೊತೆಗೆ ಆ ದಿನದ ಕೂಲಿ, ಎರಡನ್ನೂ ಎಣಿಸಿ ಅವರ ಕೈಗೆ ಕೊಡುತ್ತಿದ್ದರು. ಯಾವ ಕಾನೂನೂ ಅವರಿಗೆ ಗೊತ್ತಿರಲಿಲ್ಲ. ಕೊಂಡಿ ಸವೆದಿದ್ದನ್ನು ತಾನು ನೋಡಿದ್ದೆ, ನೋಡಿಯೂ ಬದಲಾಯಿಸಲಿಲ್ಲ ಅನ್ನುವುದು ಗೊತ್ತಿತ್ತು. ಹದಿನೈದನೇ ದಿನ ಅವರು ಮತ್ತೆ ಕೆಲಸಕ್ಕೆ ಬಂದಾಗ, ಕಾಳನನ್ನು ಅಪ್ಪಯ್ಯ ತಾವೇ ಹಿಡಿದುಕೊಂಡು ನಿಂತಿದ್ದರು.

ಹತ್ತು ರೂಪಾಯಿಯಿಂದ ಐವತ್ತರವರೆಗೆ

ಹುಡುಗನ ಮನೆಯವರು ಪೊಲೀಸ್ ಸ್ಟೇಷನ್ನಿಗೆ ಹೋಗಲಿಲ್ಲ. ಹೋಗಬಹುದಿತ್ತು. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯ ಆಗದ ಹಾಗೆ ನೋಡಿಕೊಳ್ಳದಿದ್ದರೆ ಅದು ಅಪರಾಧ. ಹಳೆಯ ದಂಡಸಂಹಿತೆಯ 289ನೇ ಸೆಕ್ಷನ್‌ನಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ 291ನೇ ಸೆಕ್ಷನ್ ಆಗಿದೆ, ದಂಡ ಐದು ಸಾವಿರಕ್ಕೆ ಏರಿದೆ. ಇದು ಗೇಟು ಹಾಕದವರಿಗೆ.

ಇನ್ನೊಂದು ಕಡೆಯದ್ದೂ ಇದೆ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯ 11ನೇ ಸೆಕ್ಷನ್ ಓದುತ್ತಾ ಹೋದರೆ ನಮ್ಮೂರಿನ ತೆಂಗಿನ ಮರದ ಗುಂಡಿಯೇ ಕಣ್ಣಿಗೆ ಬರುತ್ತದೆ. ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು ತಪ್ಪು. ಸದಾ ಕಟ್ಟಿ ಅಥವಾ ಕೂಡಿ ಹಾಕಿದ ನಾಯಿಯನ್ನು ತಿರುಗಾಡಿಸದೆ ಇರುವುದೂ ತಪ್ಪು. ನಾಯಿ ಅಂತಲೇ ಹೆಸರು ಹೇಳಿ ಬರೆದಿದ್ದಾರೆ. ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಯಿಂದ ಐವತ್ತರವರೆಗೆ. ನಮ್ಮ ಬೀದಿಯಲ್ಲಿ ಒಂದು ಮಾರು ಸೇವಂತಿಗೆ ಅದಕ್ಕಿಂತ ಜಾಸ್ತಿ. ಆದರೆ ಎರಡೂ ಕಾನೂನನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಖುಷಿಯಾಯಿತು. ಬಿಡಬೇಡ, ಕಟ್ಟಿಯೇ ಇಡಬೇಡ. ಹಾಗಾದರೆ ಏನು ಮಾಡಲಿ? ದಿನಾ ಎರಡು ಸಲ ಚೈನು ಹಿಡಿದು ನೀನೇ ಹೊರಗೆ ಹೋಗು, ಉಳಿದ ಹೊತ್ತು ಗೇಟು ಸರಿಯಾಗಿ ಹಾಕು. ಸೋಮಾರಿಗಳಿಗೆ ಇಷ್ಟವಾಗುವ ಕಾನೂನಲ್ಲ.

ನಮ್ಮಲ್ಲಿ ವಾದ ನಡೆಯುವುದು ಮಾತ್ರ ಬೇರೆ ವಿಷಯಕ್ಕೆ. ಯಾವ ಜಾತಿಯ ನಾಯಿ ಅಪಾಯಕಾರಿ? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೈಲರ್ ಅಂತ 23 ತಳಿಗಳ ಪಟ್ಟಿ ಮಾಡಿ ಸಾಕುವುದಕ್ಕೆ ಅಡ್ಡಿ ಹಾಕಿತು. ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಆ ದಿನ ನಾನು ಗುಂಡನ ಕಿವಿ ಹಿಂಡಿ ‘ನೀನು ಯಾವ ಲಿಸ್ಟಿನಲ್ಲೂ ಇಲ್ಲ ಬಿಡು’ ಅಂತ ತಮಾಷೆ ಮಾಡಿದ್ದು ಚೆನ್ನಾಗಿ ನೆನಪಿದೆ. ಹತ್ತು ತಿಂಗಳು ಕಳೆದ ಮೇಲೆ ಕಚ್ಚಿದ. ತಳಿ ಲೆಕ್ಕಕ್ಕಿಲ್ಲ ಅಂತಲ್ಲ. ದೊಡ್ಡ ದವಡೆ ಮಾಡುವ ಗಾಯವೇ ಬೇರೆ. ಆದರೆ ಕೂರದ ಚಿಲಕಕ್ಕೆ ಯಾವ ತಳಿಯಾದರೂ ಒಂದೇ.

ಬೀದಿಯಲ್ಲಿ ನನ್ನ ಪರವಾಗಿಯೂ ಬೇಕಾದಷ್ಟು ಜನ ಮಾತಾಡಿದರು. ‘ಹುಡುಗ ಓಡಿಸಬಾರದಿತ್ತು’ ಅಂದರು. ‘ಹೆದರಿದವರನ್ನೇ ಕಚ್ಚೋದು’ ಅಂದರು. ಈ ಮಾತು ಕೇಳಿ ಕೇಳಿ ಒಂದು ಗಮನಿಸಿದೆ. ನಾಯಿ ಸಾಕಿದವರು ಬೀದಿಗೇ ಒಂದು ನಿಯಮಾವಳಿ ಮಾಡಿರುತ್ತೇವೆ. ಓಡಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಕೊಡೆ ಬೀಸಬೇಡಿ, ಚೀಲದಲ್ಲಿ ಬಿಸ್ಕತ್ತು ಇಟ್ಟುಕೊಳ್ಳಬೇಡಿ. ಅಷ್ಟೂ ಊರವರು ಪಾಲಿಸಬೇಕಾದ್ದು. ಸಾಕಿದ ನಮಗೆ ಅದರಲ್ಲಿ ಒಂದೂ ಇಲ್ಲ.

ತೂಕಕ್ಕೇ ಮುಚ್ಚುವ ಗೇಟು

ಗೇಟು ಹೊರಗಿನವರಿಗಷ್ಟೇ ಅಲ್ಲ ಅನ್ನುವುದು ಹೊಸದಾಗಿ ಹೊಳೆದದ್ದೇನೂ ಅಲ್ಲ. ಅದರ ಹಿಂದಿನ ದೀಪಾವಳಿಯಲ್ಲಿ ನಾಲ್ಕನೇ ಮನೆಯವರ ಲ್ಯಾಬ್ರಡಾರ್ ಪಟಾಕಿ ಸದ್ದಿಗೆ ಬೆದರಿ, ಯಾರೋ ಸ್ವೀಟ್ ಬಾಕ್ಸ್ ಕೊಡಲು ಗೇಟು ತೆಗೆದ ಅರೆಕ್ಷಣದಲ್ಲಿ ಹೊರಗೆ ನುಗ್ಗಿತ್ತು. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಅದರ ಫೋಟೋ ತಿರುಗಿತು. ಮೂರನೇ ದಿನ ರಿಂಗ್ ರೋಡಿನ ಪಕ್ಕ ಸಿಕ್ಕಿತು, ಬದುಕಿರಲಿಲ್ಲ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇತ್ತು. ನಂಬರ್ ನೋಡಿ ಫೋನ್ ಮಾಡಿದವರು ಒಬ್ಬ ಲಾರಿ ಕ್ಲೀನರ್. ಅವರು ಅದನ್ನು ರಸ್ತೆಯಿಂದ ಪಕ್ಕಕ್ಕೆ ಎಳೆದು, ಗೋಣಿಚೀಲ ಮುಚ್ಚಿ, ಮನೆಯವರು ಬರುವವರೆಗೆ ಅಲ್ಲೇ ಕೂತಿದ್ದರಂತೆ. ಇದನ್ನೆಲ್ಲ ನೋಡಿ, ಅಯ್ಯೋ ಅಂದು, ನಮ್ಮ ಚಿಲಕವನ್ನು ಹಾಗೇ ಬಿಟ್ಟವಳು ನಾನೇ.

ಕಚ್ಚಿದ ವಾರವೇ ವೆಲ್ಡಿಂಗಿನವರು ಬಂದರು. ಹತ್ತು ದಿನ ಮುಗಿಯುವ ಮೊದಲೇ. ಕಂಬ ನೆಟ್ಟಗೆ ಮಾಡಿ ಚಿಲಕ ಬದಲಾಯಿಸಿ ಅಂದೆ. ಅವರು ಗೇಟನ್ನು ಎರಡು ಸಲ ಆಡಿಸಿ ನೋಡಿ, ‘ಚಿಲಕ ನಂಬ್ಕೋಬೇಡಿ ಮೇಡಂ, ಚಿಲಕ ಹಾಕೋದು ಮನುಷ್ಯರು’ ಅಂದರು. ಮೇಲಿನ ಹಿಂಜನ್ನು ಕೊಂಚ ಓರೆ ಮಾಡಿ ಕೂರಿಸಿದರೆ ಗೇಟು ತನ್ನ ತೂಕಕ್ಕೇ ವಾಪಸ್ ಬಂದು ಮುಚ್ಚಿಕೊಳ್ಳುತ್ತದಂತೆ. ಹಾಗೇ ಮಾಡಿದರು. ಬಡಿದ ಕೂಡಲೇ ತಾನಾಗಿ ಬೀಳುವ ಕೊಕ್ಕೆ ಚಿಲಕ ಹಾಕಿದರು. ಕೆಳಗಿನ ಸಂದಿಗೆ ತಗಡು ಹೊಡೆದರು. ಒಳಗೆ, ಮೆಟ್ಟಿಲ ಹತ್ತಿರ, ಸೊಂಟದೆತ್ತರದ ಇನ್ನೊಂದು ಪುಟ್ಟ ಗೇಟು. ಒಂದು ತೆಗೆದಾಗ ಇನ್ನೊಂದು ಮುಚ್ಚಿರಬೇಕು. ಒಟ್ಟು ಒಂದೂವರೆ ದಿನದ ಕೆಲಸ. ಇದನ್ನು ಮಾಡಿಸಲು ನಾಲ್ಕೈದು ತಿಂಗಳು ನಮಗೆ ಪುರಸೊತ್ತು ಇರಲಿಲ್ಲ.

ಗುಂಡನಿಗೆ ಬಾಕಿ ಇದ್ದ ಲಸಿಕೆ ಹಾಕಿಸಿದೆವು. ಬೀಜ ತೆಗೆಸಿದೆವು. ಗಂಡುನಾಯಿ ಹೆಣ್ಣಿನ ವಾಸನೆಗೆ ಕಾಂಪೌಂಡ್ ಹಾರುವುದು ಅದರಿಂದ ಎಷ್ಟೋ ಕಡಿಮೆಯಾಗುತ್ತದೆ. ಬೆಳಿಗ್ಗೆ ಆರಕ್ಕೆ ಮುಕ್ಕಾಲು ಗಂಟೆ, ರಾತ್ರಿ ಅರ್ಧ ಗಂಟೆ ಚೈನಿನಲ್ಲಿ ತಿರುಗಾಟ. ‘ನಾಯಿ ಇದೆ ಎಚ್ಚರಿಕೆ’ ಬೋರ್ಡು ತೆಗೆಸಿದೆ. ಅದು ಎಚ್ಚರಿಕೆಯನ್ನೂ ಬಂದವರ ಹೆಗಲಿಗೇ ಹಾಕುತ್ತದೆ. ಅದರ ಜಾಗದಲ್ಲಿ ಮಗಳ ಕೈಯಲ್ಲಿ ಬರೆಸಿದ್ದು: ‘ಬೆಲ್ ಮಾಡಿ. ನಾಯಿ ಕಟ್ಟಿದ ಮೇಲೆ ಗೇಟು ತೆಗೆಯುತ್ತೇವೆ.’ ನಮ್ಮನೆಯವರು ಇದು ಸ್ವಲ್ಪ ಉದ್ದ ಆಯಿತು ಅಂದರು.

ಆಗಸ್ಟ್ ಬಂತು. ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರಿಗೆ ಹಾಕಿ ಅಂತ ಸುಪ್ರೀಂ ಕೋರ್ಟು 11ನೇ ತಾರೀಖು ಹೇಳಿತ್ತು. ಟಿವಿಯಲ್ಲಿ ಹಗಲೂ ರಾತ್ರಿ ಅದೇ. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಾಯಿಸಿತು. ಲಸಿಕೆ ಹಾಕಿ, ಸಂತಾನಹರಣ ಮಾಡಿ, ಹುಚ್ಚು ಹಿಡಿದದ್ದು ಮತ್ತು ಕಚ್ಚುವ ಸ್ವಭಾವದ್ದನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಿ ಅಂತ. ಈ ಎರಡು ತಾರೀಖಿನ ನಡುವೆ ಒಂದು ಸಂಜೆ, ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕಿರುಚಾಡುತ್ತಿದ್ದಾಗ, ಬೆಲ್ ಆಯಿತು. ಗಣೇಶನ ಚಂದಾ ಹುಡುಗರು. ಐದಾರು ಜನ, ನಡುವೆ ರಸೀದಿ ಪುಸ್ತಕ ಹಿಡಿದವನು ಅವನೇ. ಒಂದಿಷ್ಟು ಎತ್ತರ ಆಗಿದ್ದ.

ನಾನು ಮೊದಲು ಗುಂಡನ ಪಟ್ಟಿಗೆ ಕೈ ಹಾಕಿದೆ. ಮೆಟ್ಟಿಲ ಹತ್ತಿರ ಮೊಣಕಾಲೂರಿ ಕೂತು, ಅವನಿಗೆ ಕಾಣುವ ಹಾಗೆ ಕೈ ಎತ್ತಿ ತೋರಿಸಿ, ‘ಹಿಡ್ಕಂಡಿದೀನಿ, ಬನ್ರೋ ಒಳಗೆ’ ಅಂದೆ. ಉಳಿದ ಹುಡುಗರು ಗೇಟು ತಳ್ಳಿಕೊಂಡು ಬಂದರು. ಅವನು ಬರಲಿಲ್ಲ.

‘ಪರ್ವಾಗಿಲ್ಲ ಆಂಟಿ, ನಾನು ಇಲ್ಲೇ ಇರ್ತೀನಿ’ ಅಂದ.

ಮಗಳು ಇನ್ನೂರು ರೂಪಾಯಿ ತಂದು ಕೊಟ್ಟಳು. ಅವನು ಗೇಟಿನ ಹೊರಗೇ, ಕಾಂಪೌಂಡಿನ ಮೇಲೆ ಪುಸ್ತಕ ಇಟ್ಟುಕೊಂಡು ರಸೀದಿ ಬರೆದು, ಹರಿದು, ಕಂಬಿಯ ಸಂದಿಯಿಂದ ಕೈ ನೀಡಿ ಅವಳಿಗೆ ಕೊಟ್ಟ. ಹುಡುಗರು ಹೋದ ಮೇಲೆ ಗೇಟು ನಿಧಾನಕ್ಕೆ ತಾನೇ ಬಂದು ಕೂತಿತು. ಟಕ್ ಅಂತ ಚಿಲಕ ಬಿತ್ತು. ಮಗಳು ರಸೀದಿ ಓದಿ ನಗಲು ಶುರುಮಾಡಿದಳು. ಆರು ತಿಂಗಳಾದರೂ ನಾನು ಅವನಿಗೆ ನನ್ನ ಹೆಸರು ಹೇಳಿರಲೇ ಇಲ್ಲ. ಶ್ರೀ/ಶ್ರೀಮತಿ ಅಂತ ಅಚ್ಚು ಮಾಡಿದ್ದರ ಮುಂದೆ, ದುಂಡನೆಯ ಅಕ್ಷರದಲ್ಲಿ, ‘ನಾಯಿ ಮನೆ ಆಂಟಿ’ ಅಂತ ಬರೆದಿದ್ದ.